ಹಳೆಯ ಪ್ರೇಮಕಾದಂಬರಿಗೆ ಡ್ರ್ಯಾಗನ್ ಬಂದ ಕಥೆ

ಹೆಸರಾಂತ ಹಳೆಯ ಪ್ರೇಮಕಾದಂಬರಿಯೊಂದನ್ನು ಎತ್ತಿಕೊಂಡು, ಅದೇ ಮನೆತನ, ಅದೇ ಮದುವೆಯ ಮಾತುಕತೆಗಳ ನಡುವೆ ರೆಕ್ಕೆಯುಳ್ಳ, ಬೆಂಕಿಯುಗುಳುವ ಡ್ರ್ಯಾಗನ್ನುಗಳನ್ನು ತಂದು ಕೂಡಿಸಿ ಹೊಸದಾಗಿ ಹೇಳುವ ಪರಿಪಾಠ ಇಂಗ್ಲಿಷ್ ಸಾಹಿತ್ಯದಲ್ಲಿ ಈ ಶತಮಾನದ ಮೊದಲ ದಶಕದಿಂದ ಕಾಣಬರುತ್ತಿದೆ. ನಮ್ಮ ಮನೆಗಳ ಕಾಲೇಜು ಹುಡುಗಿಯರು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಇಂಥವನ್ನು ಓದಿ ಮುಗಿಸುತ್ತಾರೆ. ಹಿರಿಯರಾದ ನಾವು ಮಾತ್ರ, "ಜೇನ್ ಆಸ್ಟಿನ್‌ಳ ಕಥೆಗೂ ಘಟಸರ್ಪಕ್ಕೂ ಎಲ್ಲಿಗೆಲ್ಲಿಯ ಸಂಬಂಧ?" ಎಂದು ಮೂಗು ಮುರಿಯುತ್ತೇವೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ಮಾತ್ರ ಸ್ವಲ್ಪ ಇತಿಹಾಸದ ಕಡೆ ತಿರುಗಬೇಕಾಗುತ್ತದೆ.

ಯೂರೋಪಿನ ಪ್ರೇಮಕಥೆಯಲ್ಲಿ ಡ್ರ್ಯಾಗನ್ ಹೊಸ ಅತಿಥಿಯಲ್ಲ, ಹಳೆಯ ಒಕ್ಕಲು. 1210ರ ಸುಮಾರಿಗೆ ಜರ್ಮನ್ ಕವಿ ಗಾಟ್‌ಫ್ರೀಡ್ ಬರೆದ ಟ್ರಿಸ್ಟನ್ ಕಾವ್ಯದಲ್ಲಿ ನಾಯಕನು ಐರ್ಲೆಂಡಿನ ಡ್ರ್ಯಾಗನ್ನನ್ನು ಕೊಂದು, ಅದರ ನಾಲಗೆಯನ್ನು ಕೊಯ್ದಿಟ್ಟುಕೊಳ್ಳುತ್ತಾನೆ. ಅರಮನೆಯ ಪಾರುಪತ್ಯಗಾರನೊಬ್ಬ ಸತ್ತ ಮೃಗದ ತಲೆಯನ್ನು ತಂದು, ಕೊಂದವನು ತಾನೇ, ರಾಜಕುಮಾರಿ ಇಸೋಲ್ಡೆಯನ್ನು ತನಗೇ ಕೊಡಬೇಕು ಎಂದು ಹಟ ಹಿಡಿಯುತ್ತಾನೆ. ತಲೆಯಲ್ಲಿ ನಾಲಗೆಯೇ ಇಲ್ಲವೆಂದು ತೋರಿಸಿದಾಗ ಅವನ ಸುಳ್ಳು ಬಯಲಾಗುತ್ತದೆ. ನಮ್ಮ ಅಜ್ಜಿಕಥೆಗಳನ್ನು ಕೇಳಿ ಬೆಳೆದವರಿಗೆ ಈ ಬಗೆಯ ಉಪಾಯ ಅಪರಿಚಿತವೇನಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟು: ಡ್ರ್ಯಾಗನ್ನನ್ನು ಕೊಂದವನಿಗೆ ಹೆಣ್ಣು ಎಂದು ರಾಜನು ಸಾರಿಬಿಟ್ಟಿದ್ದಾನೆ. ಹೆಣ್ಣು ಎಂದರೆ ಗೆದ್ದವನ ಬಹುಮಾನ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಕಾದಂಬರಿ ಬೆಳೆದಂತೆ ಡ್ರ್ಯಾಗನ್ನಿಗೆ ಆ ಮನೆಯಲ್ಲಿ ಜಾಗ ತಪ್ಪಿತು. ಕ್ಲಾರಾ ರೀವ್ ಎಂಬ ಲೇಖಕಿ 1785ರ ತಮ್ಮ ವಿಮರ್ಶಾಗ್ರಂಥದಲ್ಲಿ, ಅದ್ಭುತ ವ್ಯಕ್ತಿ-ಸಂಗತಿಗಳನ್ನು ಹೇಳುವುದು ರೊಮಾನ್ಸ್, ನಿಜಜೀವನದ ನಡೆನುಡಿಯನ್ನು ಚಿತ್ರಿಸುವುದು ನಾವೆಲ್ ಎಂದು ಗೆರೆ ಎಳೆದರು. ಗೆರೆಯ ಈಚೆಗೆ ನಿಂತವರಲ್ಲಿ ಅಗ್ರಗಣ್ಯಳು ಜೇನ್ ಆಸ್ಟಿನ್. 1816ರಲ್ಲಿ ಯುವರಾಜನ ಗ್ರಂಥಪಾಲಕ ಕ್ಲಾರ್ಕ್ ಆಕೆಗೆ ಪತ್ರ ಬರೆದು, ರಾಜಮನೆತನವೊಂದರ ಬಗ್ಗೆ ಐತಿಹಾಸಿಕ ರೊಮಾನ್ಸ್ ಬರೆಯಬಾರದೇಕೆ ಎಂದು ಸೂಚಿಸಿದ. ಅದು ತನ್ನಿಂದಾಗದ ಕೆಲಸ, ತನ್ನ ಶೈಲಿಯಲ್ಲಿ ತನ್ನ ದಾರಿಯಲ್ಲೇ ನಡೆಯುತ್ತೇನೆ ಎಂದು ಆಕೆ ವಿನಯದಿಂದಲೇ ತಳ್ಳಿಹಾಕಿದಳು.

ಆಕೆಯ ದಾರಿ ಯಾವುದು? 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನೇ ನೋಡೋಣ. ಅದರ ಮೊದಲ ರೂಪವನ್ನು 1797ರಲ್ಲಿ ತಂದೆ ಒಬ್ಬ ಪ್ರಕಾಶಕನಿಗೆ ತೋರಿಸಲು ಮುಂದಾದಾಗ ಅವನು ನೋಡಲೂ ಒಪ್ಪಲಿಲ್ಲ. ಕಡೆಗೆ 110 ಪೌಂಡಿಗೆ ಹಕ್ಕನ್ನು ಮಾರಿ, 1813ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಪುಸ್ತಕ ಹೊರಬಂತು. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ವರ್ಷಕ್ಕೆ 2,000 ಪೌಂಡ್ ಹುಟ್ಟುವಳಿಯ ಆಸ್ತಿ ಗಂಡುಸಂತಾನಕ್ಕೆ ಮಾತ್ರ ಎಂದು ಕಟ್ಟಲ್ಪಟ್ಟಿದೆ. ತಂದೆ ಕಣ್ಣು ಮುಚ್ಚಿದ ದಿನ ಮನೆ ದೂರದ ದಾಯಾದಿ ಕಾಲಿನ್ಸನ ಪಾಲು, ತಾಯಿ-ಮಕ್ಕಳು ಬೀದಿಪಾಲು. ಅಳಿಯಕಟ್ಟಿನ ಮನೆಗಳಿಂದ ಬಂದ ನಮ್ಮ ಕರಾವಳಿಯ ವಾಚಕರಿಗೆ ಇದು ವಿಪರೀತವೆನಿಸೀತು. ಎಲಿಜಬೆತ್ ಮತ್ತು ಡಾರ್ಸಿಯರ ಪ್ರಣಯದ ಹಿಂದೆ ಈ ಭಯ ಸದಾ ನಿಂತಿದೆ. ಓದುಗರು ಪ್ರಣಯವನ್ನು ನೆನಪಿಟ್ಟರು, ಭಯವನ್ನು ಮರೆತರು. ಇನ್ನೂರು ವರ್ಷದ ಹಿಂದಿನ ಆ ಕಾನೂನು ಇಂದಿನವರಿಗೆ ಅಡಿಟಿಪ್ಪಣಿಯಾಗಿಬಿಟ್ಟಿದೆ.

ಡ್ರ್ಯಾಗನ್ ಮರಳಿ ಬಂದದ್ದು ಇಲ್ಲಿಯೇ. ವೇಲ್ಸಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಜೋ ವಾಲ್ಟನ್ 2003ರಲ್ಲಿ 'ಟೂತ್ ಅಂಡ್ ಕ್ಲಾ' ಎಂಬ ಕಾದಂಬರಿ ಬರೆದರು. ಅದಕ್ಕೆ ಆಧಾರ ಆಂಟನಿ ಟ್ರಾಲಪ್ಪನ 'ಫ್ರಾಮ್ಲಿ ಪಾರ್ಸನೇಜ್'. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಟ್ರಾಲಪ್ 1860-61ರಲ್ಲಿ ಮಾಸಪತ್ರಿಕೆಯೊಂದಕ್ಕೆ ಕಂತುಕಂತಾಗಿ ಬರೆದ ಕಥೆಯದು. ವಾಲ್ಟನ್ನರಲ್ಲಿ ಪಾದ್ರಿ, ವಕೀಲ, ವಿಧವೆ, ಮದುವೆಗೆ ಬಂದ ತಂಗಿ ಎಲ್ಲರೂ ಡ್ರ್ಯಾಗನ್ನುಗಳೇ. ಅಲ್ಲಿ ಡ್ರ್ಯಾಗನ್ನಿನ ಮಾಂಸ ತಿಂದರೆ ಮಾತ್ರ ಡ್ರ್ಯಾಗನ್ ಬೆಳೆಯುತ್ತದೆ. ತಂದೆ ಸತ್ತಾಗ ಅವನ ದೇಹವೇ ಮಕ್ಕಳ ಆಸ್ತಿ. ಬಲಿಷ್ಠನಾದ ಅಳಿಯ ತನ್ನ ಪಾಲಿಗಿಂತ ಹೆಚ್ಚು ತಿಂದುಬಿಡುತ್ತಾನೆ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಕನ್ಯೆಯರ ಮೈ ಹೊಂಬಣ್ಣ. ಗಂಡು ತೀರ ಸಮೀಪಕ್ಕೆ ಬಂದರೆ ನಸುಗೆಂಪಿಗೆ ತಿರುಗಿಬಿಡುತ್ತದೆ. ತಪ್ಪು ಅವನದಾದರೂ ಕಳಂಕ ಅವಳ ಮೈಮೇಲೆ, ಊರಿಗೆಲ್ಲ ಕಾಣುವಂತೆ. ಹೆಣ್ಣಿನ ಬಗ್ಗೆ ಆ ಕಾಲದ ಕಾದಂಬರಿಗಳು ನಂಬಿದ್ದ ಮಾತುಗಳು ಪ್ರಾಣಿಸಹಜ ಧರ್ಮವೇ ಆಗಿದ್ದಿದ್ದರೆ ಹೇಗಿರುತ್ತಿತ್ತು ಎಂಬುದು ಅವರ ಕಲ್ಪನೆ. ಓದುತ್ತ ನಗು ಬರುತ್ತದೆ, ನಕ್ಕಮೇಲೆ ಮೈ ಜುಮ್ಮೆನ್ನುತ್ತದೆ. 2004ರಲ್ಲಿ ಈ ಕೃತಿಗೆ ವಿಶ್ವ ಫ್ಯಾಂಟಸಿ ಪ್ರಶಸ್ತಿ ಸಂದಿತು.

ಈ ಬಗೆಯ ಎಲ್ಲ ಪುಸ್ತಕಗಳೂ ಇಷ್ಟು ಸತ್ವಯುತವೆಂದು ನಾವು ಹೇಳುವುದಿಲ್ಲ. ಹಳೆಯ ಕೃತಿಗಳಿಗೆ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ. ಯಾರು ಬೇಕಾದರೂ ಕೈಹಾಕಬಹುದು. 2009ರಲ್ಲಿ ಆಸ್ಟಿನ್‌ಳ ವಾಕ್ಯಗಳನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡು, ಮಧ್ಯೆ ಮಧ್ಯೆ ನಡೆದಾಡುವ ಹೆಣಗಳನ್ನು ತುರುಕಿದ ಪುಸ್ತಕವೊಂದು ಭರ್ಜರಿಯಾಗಿ ಮಾರಾಟವಾಯಿತು. ವಿನೋದವೇನೋ ಇದೆ. ಆದರೆ ಹೆಣಗಳನ್ನು ಎತ್ತಿಹಾಕಿದರೆ ಆಸ್ಟಿನ್ ಇದ್ದಂತೆಯೇ ಉಳಿಯುತ್ತಾಳೆ. ವಾಲ್ಟನ್ನರಲ್ಲಿ ಡ್ರ್ಯಾಗನ್ನನ್ನು ತೆಗೆದರೆ ಕಥೆಯೇ ಕುಸಿದುಬೀಳುತ್ತದೆ. ವ್ಯತ್ಯಾಸವಿರುವುದು ಇಲ್ಲಿ.

ಆಮೇಲೆ ಬಂದವರು ಈ ಎರಡನೆಯ ದಾರಿಯನ್ನೇ ಹಿಡಿದರು. ಮರಿಯಾ ಗ್ರೇಸ್ 2016ರಿಂದ ಬರೆದ ಸರಣಿಯಲ್ಲಿ ಡ್ರ್ಯಾಗನ್ನುಗಳ ಮಾತು ಕೇಳಿಸುವ ಕಿವಿ ಕೆಲವರಿಗೆ ಮಾತ್ರ ಉಂಟು, ಎಲಿಜಬೆತ್ ಅಂಥವಳು. 2017ರ ಎರಡನೆಯ ಪುಸ್ತಕದಲ್ಲಿ ಆಸ್ತಿಯ ಕಟ್ಟುಪಾಡಿಗೇ ಡ್ರ್ಯಾಗನ್ನಿನ ನಂಟು. ನವೋಮಿ ನೋವಿಕ್ 2006ರಿಂದ 2016ರವರೆಗೆ ಒಂಬತ್ತು ಸಂಪುಟಗಳಲ್ಲಿ ನೆಪೋಲಿಯನ್ನನ ಯುದ್ಧಗಳಿಗೆ ಡ್ರ್ಯಾಗನ್ನುಗಳ ವಾಯುದಳವನ್ನು ಸೇರಿಸಿ ಬರೆದವರು. ಅವರ ಲೋಕದಲ್ಲಿ ಲಾಂಗ್‌ವಿಂಗ್ ಎಂಬ ಜಾತಿಯ ಡ್ರ್ಯಾಗನ್ ಹೆಂಗಸನ್ನಲ್ಲದೆ ಬೇರೆ ನಾಯಕರನ್ನು ಒಪ್ಪುವುದಿಲ್ಲ. ಹಾಗಾಗಿ 2017ರಲ್ಲಿ ಅವರು ಆಸ್ಟಿನ್‌ಳ ಕಥೆಯನ್ನು ಮರುಹೇಳಿದಾಗ ಎಲಿಜಬೆತ್ ಸೇನೆಯ ಕ್ಯಾಪ್ಟನ್. ಅವಳ ಡ್ರ್ಯಾಗನ್ನಿನ ಹೆಸರು ವುಲ್‌ಸ್ಟನ್‌ಕ್ರಾಫ್ಟ್. 1792ರಲ್ಲಿ ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟಳನ್ನು ನೆನಪಿಸುವ ಹೆಸರು. ಐರ್ಲೆಂಡಿನ ಡ್ರ್ಯಾಗನ್ ಹೆಣ್ಣನ್ನು ಬಹುಮಾನವಾಗಿಸಿತ್ತು. ಎಂಟುನೂರು ವರ್ಷಗಳ ತರುವಾಯ ಬಂದ ಡ್ರ್ಯಾಗನ್ ಅವಳಿಗೆ ಉದ್ಯೋಗ ಕೊಟ್ಟಿದೆ.

ಹಳೆಯ ಕಥೆಯನ್ನು ಹೀಗೆ ತಿದ್ದಬಹುದೇ ಎಂದು ಕೇಳುವ ಮೊದಲು ನಮ್ಮ ಮನೆಯತ್ತ ಒಮ್ಮೆ ನೋಡಬೇಕು. ನಾವೂ ನೆರೆಯ ಮರಾಠಿಗರೂ ನಾವೆಲ್ಲಿಗೆ 'ಕಾದಂಬರಿ' ಎನ್ನುತ್ತೇವಷ್ಟೆ. ಆ ಹೆಸರು ಬಂದದ್ದು ಏಳನೆಯ ಶತಮಾನದ ಬಾಣಭಟ್ಟನ ಪ್ರೇಮಕಥೆಯಿಂದ. ಅಲ್ಲಿ ಕಥೆ ಹೇಳುವುದು ಗಿಳಿ. ನಾಯಕನ ಕುದುರೆ ಶಾಪಗ್ರಸ್ತನಾದ ಋಷಿಕುಮಾರ. ಆ ಗದ್ಯಕಾವ್ಯವನ್ನು ನಮ್ಮ ನಾಗವರ್ಮ ಚಂಪುವಾಗಿಸಿ ಕನ್ನಡಕ್ಕೆ ತಂದ. ಅದಕ್ಕೂ ಮೊದಲೇ, ಹತ್ತನೆಯ ಶತಮಾನದಲ್ಲಿ, ಪಂಪ ಭಾರತವನ್ನು ಹೇಳುವಾಗ ತನ್ನ ಅರಸ ಅರಿಕೇಸರಿಯನ್ನೇ ಅರ್ಜುನನಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ಮರುಹೇಳಿಕೆಯನ್ನು ಅಪಚಾರವೆನ್ನುವುದಾದರೆ ನಮ್ಮ ಸಾಹಿತ್ಯದ ಅಡಿಗಲ್ಲನ್ನೇ ಕೀಳಬೇಕಾದೀತು. ಬದಲಾವಣೆಯಿಂದ ಏನು ಬೆಳಕಿಗೆ ಬಂತು ಎಂಬುದಷ್ಟೇ ಕೇಳತಕ್ಕ ಪ್ರಶ್ನೆ.

ಬೆಳಕಿಗೆ ಬಂದದ್ದು ಪರದೇಶದ ಸಂಗತಿ ಮಾತ್ರವೂ ಅಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೂ ಊರಿನ ಮನೆ-ಗದ್ದೆಯ ಪಾಲಿನ ಮಾತೆದ್ದಾಗ, ರಜೆ ಹಾಕಿ ಊರಿಗೆ ಹೋಗಿ, ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡು ಬಂದವರು ನಮ್ಮಲ್ಲಿಯೂ ಇದ್ದೇವೆ. ಹೆಚ್ಚು ತಿಂದ ಅಳಿಯನ ಕಥೆ ಓದಿ ನಕ್ಕವರು ಅಲ್ಲಿ ಕೊಂಚ ತಡೆಯಬೇಕಾಗುತ್ತದೆ.

ಆದ್ದರಿಂದ ಮನೆಯ ಮಗಳ ಕೈಯಲ್ಲಿ ಡ್ರ್ಯಾಗನ್ನಿನ ಚಿತ್ರವಿರುವ ಪುಸ್ತಕ ಕಂಡರೆ ಗದರಿಸುವುದು ಬೇಡ. "ಕಥೆಯಲ್ಲಿ ಕಡೆಗೆ ಮನೆ ಯಾರ ಪಾಲಾಯಿತಮ್ಮ?" ಎಂದು ಕೇಳೋಣ. ಅವಳು ಹೇಳುವ ಉತ್ತರವನ್ನು ಕೂತು ಕೇಳುವ ತಾಳ್ಮೆಯೂ ನಮಗಿರಲಿ.