ಕಷಾಯದ ಗುಣವೂ ಅದರ ಎಲ್ಲೆಯೂ

ಪಾಸಿರ್ ಪಂಜಾಂಗ್ ಎಂದರೆ ಮಲಯ ಭಾಷೆಯಲ್ಲಿ 'ಉದ್ದನೆಯ ಮರಳು'. ಇಲ್ಲಿನ ಹಾ ಪಾರ್ ವಿಲ್ಲಾವನ್ನು ನಮ್ಮವರಲ್ಲಿ ನೋಡದವರು ವಿರಳ. ಟೈಗರ್ ಬಾಮ್ ಮುಲಾಮಿನಿಂದ ಶ್ರೀಮಂತರಾದ ಔ ಬೂನ್ ಹಾ ಅವರು ತಮ್ಮನಿಗಾಗಿ 1937ರಲ್ಲಿ ಕಟ್ಟಿಸಿದ ಉದ್ಯಾನವದು. ಅಲ್ಲಿಂದ ಅನತಿ ದೂರದಲ್ಲಿ, ಕೆಂಟ್ ರಿಜ್ ಗುಡ್ಡದ ಮಗ್ಗುಲಲ್ಲಿ, 1985ರಲ್ಲಿ ಆರಂಭವಾದ ರಾಷ್ಟ್ರೀಯ ವಿಶ್ವವಿದ್ಯಾಲಯ ಆಸ್ಪತ್ರೆಯಿದೆ. ಮನೆಮದ್ದು, ಆಸ್ಪತ್ರೆ ಎರಡನ್ನೂ ನಂಬಿ ಬಾಳುವವರು ನಾವು.

ಚೀನೀ ನೆರೆಯವರು ಸೆಕೆಗೆಂದು ಸೇವಂತಿಗೆ ಹೂವಿನ ಚಹಾ ಕುಡಿಯುತ್ತಾರೆ. ನಾವು ನೆಗಡಿಗೆಂದು ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿಯ ಕಷಾಯ ಕಾಸುತ್ತೇವೆ. ಬಿಸಿ ಕಷಾಯ ಗಂಟಲಿಗೆ ಹಿತ. ಶುಂಠಿ ವಾಕರಿಕೆಯನ್ನು ತಗ್ಗಿಸುತ್ತದೆ. ಇದು ಪರೀಕ್ಷೆಗೂ ನಿಂತ ಮಾತು. ಆದರೆ ಗುಣವಿದ್ದಲ್ಲಿ ಎಲ್ಲೆಯೂ ಇದೆ ಎಂಬುದನ್ನು ಈ ಊರಿನ ಇತಿಹಾಸವೇ ಹೇಳುತ್ತದೆ.

ಚೀನೀ ಮನೆಗಳಲ್ಲಿ ಹಸುಗೂಸುಗಳಿಗೆ 'ಹುವಾಂಗ್ ಲಿಯೆನ್' ಎಂಬ ಕಹಿಯಾದ ಹಳದಿ ಬೇರಿನ ಕಷಾಯ ಕುಡಿಸುವ ವಾಡಿಕೆಯಿತ್ತು. ಆ ಕಾಲದಲ್ಲಿ ಸಿಂಗಪುರದ ಎಷ್ಟೋ ಶಿಶುಗಳಿಗೆ ಕಾಮಾಲೆ ಉಲ್ಬಣಿಸಿ ಮಿದುಳಿಗೇರುತ್ತಿತ್ತು; ಕೆಲವು ಸಾಯುತ್ತಿದ್ದವು, ಉಳಿದವುಗಳಲ್ಲಿ ಕೆಲವು ಕಿವುಡಾಗುತ್ತಿದ್ದವು. ಮಕ್ಕಳ ತಜ್ಞ ಪ್ರೊ. ವಾಂಗ್ ಹಾಕ್ ಬೂನ್ ಅವರು ಇದರ ಬೆನ್ನು ಹತ್ತಿದರು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳ ರಕ್ತಕಣ ಬೇಗ ಒಡೆಯುತ್ತದೆ. 1965ರಿಂದ ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸುವ ಪದ್ಧತಿ ಬಂದಿತು. ಬೇರಿನಲ್ಲಿರುವ ಬರ್ಬೆರೀನ್ ಕಾಮಾಲೆಯನ್ನು ಹೆಚ್ಚಿಸುವುದೆಂಬ ಶಂಕೆಯಿಂದ 1978ರಲ್ಲಿ ಅದನ್ನು ನಿಷೇಧಿಸಲಾಯಿತು. ಹೊಸ ಅಧ್ಯಯನಗಳ ಬಳಿಕ 2016ರಲ್ಲಿ ನಿಷೇಧ ಪೂರ್ಣವಾಗಿ ತೆರವಾಯಿತು. ಆದರೂ ಕಿಣ್ವದ ಕೊರತೆಯಿರುವ ಕೂಸಿಗೆ ಅದು ಬೇಡವೆಂದೇ ವೈದ್ಯರ ಸಲಹೆ.

ಇದು ಚೀನೀಯರ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿಯೂ ಇದೇ ಬರ್ಬೆರೀನ್ ಇದೆ. ಆ ಕಿಣ್ವದ ಕೊರತೆ ಭಾರತೀಯರಲ್ಲಿಯೂ ಉಂಟು. ಕೆಮ್ಮಿಗೆ ಒಳ್ಳೆಯದೆಂಬ ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದ ಕೆಲವರ ಯಕೃತ್ತು ಕೆಟ್ಟುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು.

ಬಾಣಂತನಕ್ಕೆಂದು ಊರಿನಿಂದ ಬರುವ ನಮ್ಮ ತಾಯಂದಿರ ಪೆಟ್ಟಿಗೆಯಲ್ಲಿ ಬೇರು ನಾರುಗಳು ಇದ್ದೇ ಇರುತ್ತವೆ. ಅದರ ಹಿಂದಿರುವುದು ಮಮತೆ, ಅದನ್ನು ಹಳಿಯಬಾರದು. ಆದರೆ ಕೂಸಿನ ನಾಲಗೆಗೆ ತೇಯ್ದ ಬೇರು ಸೋಕುವ ಮುನ್ನ ಅದರ ಹೆಸರನ್ನು ವೈದ್ಯರಿಗೆ ತಿಳಿಸೋಣ, ರಕ್ತಪರೀಕ್ಷೆಯ ಚೀಟಿಯನ್ನು ಅಜ್ಜಿಗೂ ಓದಿ ಹೇಳೋಣ. ನಮಗೆ ನೆಗಡಿಯಾದಾಗ ಶುಂಠಿ ಕಷಾಯ ಇದ್ದೇ ಇದೆ.