ಜೋಗದ ಕಣಿವೆಯೂ ಮುಳುಗಿದ ಊರುಗಳೂ



ಸೊರಬ ತಾಲ್ಲೂಕಿನ ಉಳವಿಯ ಸುತ್ತ ಸುರಿಯುವ ಮಳೆಯ ನೀರು ವರದಾ ನದಿಯನ್ನು ಸೇರಿ, ತುಂಗಭದ್ರೆಯೊಡನೆ ಬೆರೆತು, ಕೊನೆಗೆ ಪೂರ್ವದ ಕಡಲನ್ನು ಮುಟ್ಟುತ್ತದೆ. ಅದೇ ಉಳವಿಯಿಂದ ಹೊರಟು ಸಾಗರವನ್ನು ದಾಟಿ ಮುಂದೆ ಸಾಗಿದರೆ ನಮಗೆ ಎದುರಾಗುವ ಶರಾವತಿಯದು ಬೇರೆಯೇ ದಾರಿ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಅವಳು ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಕಡಿದಾದ ಕಣಿವೆಯೊಳಗೆ ಹರಿದು, ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತಾಳೆ.

ರಜೆ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ಹಿಡಿಯುವುದು ಇದೇ ದಾರಿಯನ್ನು. ಬುತ್ತಿ ಕಟ್ಟಿಕೊಂಡು ಹೊರಟು, ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ಕಂಡು, ಗೇರುಸೊಪ್ಪೆ ಘಟ್ಟವನ್ನಿಳಿದು, ಸಂಜೆಗೆ ಕಡಲ ತೀರವನ್ನು ಸೇರುವ ಪ್ರವಾಸ. ಈ ಸೌಂದರ್ಯದ ಮುಂದೆ ನಿಂತವನ ಬಾಯಲ್ಲಿ ಸೃಷ್ಟಿಕರ್ತನ ಸ್ತುತಿ ತಾನಾಗಿಯೇ ಹೊರಡುತ್ತದೆ. ಆದರೆ ಈ ಕಣಿವೆಗೆ ಒಂದು ಚರಿತ್ರೆಯೂ ಉಂಟು. ಅದನ್ನರಿಯದೆ ಸಲ್ಲಿಸಿದ ಸ್ತುತಿ ಅರ್ಧ ಸ್ತುತಿಯೇ ಸರಿ.

ಘಟ್ಟದ ಬುಡದಲ್ಲಿರುವ ಗೇರುಸೊಪ್ಪೆ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಹೊಳೆಯ ದಾರಿಯಲ್ಲಿ ಹೊನ್ನಾವರದ ಬಂದರಿಗಿಳಿದು ದೂರದ ದೇಶಗಳಿಗೆ ಹೋಗುತ್ತಿತ್ತು. ಅಂದಿನ ವೈಭವಕ್ಕೆ ಇಂದು ಸಾಕ್ಷಿಯಾಗಿ ನಿಂತಿರುವುದು ನಗರಬಸ್ತಿಕೇರಿಯ ಕಾಡಿನ ನಡುವಣ ಚತುರ್ಮುಖ ಬಸದಿ.

ಮೆಣಸಿನ ಕಾಲ ಮುಗಿದ ಮೇಲೆ ಬಂದುದು ವಿದ್ಯುತ್ತಿನ ಕಾಲ. ಹಿರೇಭಾಸ್ಕರದ ಅಣೆಕಟ್ಟನ್ನು ಆಧರಿಸಿ, 1940ರ ದಶಕದ ಕೊನೆಯಲ್ಲಿ ಜೋಗದ ಕಣಿವೆಯ ತಳದಲ್ಲಿ ವಿದ್ಯುದಾಗಾರವೊಂದು ಕೆಲಸ ಆರಂಭಿಸಿತು. ಇಂದು ಅದು ಮಹಾತ್ಮ ಗಾಂಧಿಯವರ ಹೆಸರನ್ನು ಹೊತ್ತಿದೆ. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಪೂರ್ಣಗೊಂಡಾಗ ಹಿರೇಭಾಸ್ಕರದ ಅಣೆಕಟ್ಟೇ ನೀರಿನೊಳಗಾಯಿತು. ಲಿಂಗನಮಕ್ಕಿಯ ನೀರು ತಳಕಳಲೆಯ ಮೂಲಕ ಕಣಿವೆಗಿಳಿದು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಮುಂದೆ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ಅದೇ ನೀರು ಮತ್ತೊಮ್ಮೆ ದುಡಿದು ಕಡಲಿಗೆ ಸಾಗುತ್ತದೆ. ಮಳೆಗಾಲ ಕಳೆದ ಮೇಲೆ ಜೋಗದ ಧಾರೆಗಳು ಎಳೆಯಂತೆ ತೆಳುವಾಗುವುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಬಂದು ನಿರಾಶರಾಗುವ ಪ್ರವಾಸಿಗರೇ, ನೀವು ಅರಸುವ ನೀರು ಎಲ್ಲಿಯೂ ಕಳೆದುಹೋಗಿಲ್ಲ. ಅದು ನಿಮ್ಮ ಮನೆಯ ದೀಪವಾಗಿದೆ.

ಈಗ ಜಲಪಾತಕ್ಕೆ ಬೆನ್ನು ಮಾಡಿ, ನದಿ ಬಂದ ದಿಕ್ಕಿನ ಕಡೆಗೆ ಒಂದು ಕ್ಷಣ ತಿರುಗಿರಿ. ಅಲ್ಲಿರುವುದು ಹಿನ್ನೀರು. ಅದರ ಕೆಳಗೆ ಅಡಿಕೆ ತೋಟಗಳಿದ್ದವು, ಗದ್ದೆಗಳಿದ್ದವು, ದೇವರ ಗುಡಿಗಳಿದ್ದವು, ತಲೆಮಾರುಗಳು ಬಾಳಿದ ಮನೆಗಳಿದ್ದವು. ನಾಡಿಗೆ ಬೆಳಕು ಬೇಕೆಂದಾಗ ಸಾವಿರಾರು ಕುಟುಂಬಗಳು ಅವನ್ನೆಲ್ಲ ಬಿಟ್ಟೆದ್ದು, ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಭಾಗಗಳಲ್ಲಿ ಕಾಡನ್ನು ಕಡಿದು ಹೊಸದಾಗಿ ಬದುಕು ಕಟ್ಟಿಕೊಂಡವು. ‘ಮುಳುಗಡೆ’ ಎಂಬ ಒಂದೇ ಶಬ್ದದಲ್ಲಿ ಅವರ ಕಥೆಯೆಲ್ಲ ಅಡಗಿದೆ. ಹಾಗೆ ದೊರೆತ ನೆಲ ದಾಖಲೆಯಲ್ಲಿ ಅರಣ್ಯವೆಂದೇ ಉಳಿದುದರಿಂದ, ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳೂ ದಶಕಗಳ ಕಾಲ ಕಚೇರಿಗಳಿಗೆ ಅಲೆಯಬೇಕಾಯಿತು. ಹಿನ್ನೀರಿನಾಚೆ ಉಳಿದ ಊರುಗಳ ಜನರಿಗೆ ಸಾಗರ ಪೇಟೆಗೆ ಬರಲು ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು ಅರುವತ್ತು ವರುಷಗಳು ಕಳೆದ ಮೇಲೆ.

ಈ ಜನರ ಅಳಲಿಗೆ ಅಕ್ಷರರೂಪ ಕೊಟ್ಟವರು ನಮ್ಮವರೇ ಆದ ಒಬ್ಬ ಲೇಖಕರೆಂಬುದನ್ನು ನಾವು ಮರೆಯಲಾಗದು. 1937ರಲ್ಲಿ ಸಾಗರದಲ್ಲಿ ಹುಟ್ಟಿದ ನಾ. ಡಿಸೋಜರು, ಅಂದರೆ ನಾರ್ಬರ್ಟ್ ಡಿಸೋಜರು, ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಅಣೆಕಟ್ಟನ್ನು ಕಟ್ಟುವ ಸರಕಾರದ ಸಂಬಳವನ್ನುಂಡ ಅವರು, ನೀರಿನಲ್ಲಿ ಮುಳುಗುವವರ ಪಕ್ಕದಲ್ಲಿ ನಿಂತು ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಮೊದಲಾದ ಕಾದಂಬರಿಗಳನ್ನು ಬರೆದರು. ಗಿರೀಶ್ ಕಾಸರವಳ್ಳಿಯವರು ‘ದ್ವೀಪ’ವನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಸಂದಿತು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. 2025ರ ಜನವರಿ 5ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. ನೆರೆಯವನು ಯಾರೆಂಬ ಪ್ರಶ್ನೆಗೆ ಅವರು ಉಪದೇಶದಿಂದ ಉತ್ತರಿಸಲಿಲ್ಲ. ಮತಭೇದವೆಣಿಸದೆ ಸಂತ್ರಸ್ತರ ಕಥೆಯನ್ನು ಬರೆದು ಉತ್ತರಿಸಿದರು.

ಕಣಿವೆಯ ಚರಿತ್ರೆ ಇನ್ನೂ ಮುಗಿದಿಲ್ಲ. ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವಾಟ್ ಯೋಜನೆಯೊಂದರ ಪ್ರಸ್ತಾಪ ಬಂದಿದೆ. ಸಿಂಗಳೀಕಗಳ ಈ ಕಾಡಿಗೆ ಅದರಿಂದ ಕುತ್ತೆಂದು ಆಕ್ಷೇಪಗಳೂ ಎದ್ದಿವೆ. ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಆಲಿಸಬೇಕೆಂದು ಕಲಿಸಿದರು. ಶರಾವತಿಯ ದಡದಲ್ಲಿ ಆ ಎರಡು ಕೂಗುಗಳನ್ನು ಬೇರ್ಪಡಿಸುವುದೇ ಸಾಧ್ಯವಿಲ್ಲ. ವಿದ್ಯುತ್ತು ಬೇಡವೆಂದು ಹೇಳುವ ಅಧಿಕಾರ, ದೀಪದಡಿಯಲ್ಲಿ ಕುಳಿತು ಓದುವ ನಮಗಿಲ್ಲ. ಆದರೆ ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳುವ ಕರ್ತವ್ಯವಂತೂ ಇದೆ.

ಆದುದರಿಂದ ಮುಂದಿನ ಬಾರಿ ಮಕ್ಕಳೊಡನೆ ಜೋಗಕ್ಕೆ ಹೋದಾಗ ಧಾರೆಗಳನ್ನು ಕಣ್ತುಂಬ ನೋಡಿರಿ, ದೇವರಿಗೆ ಕೃತಜ್ಞತೆ ಸಲ್ಲಿಸಿರಿ. ಮರಳುವಾಗ ಹಿನ್ನೀರಿನ ಬಳಿ ವಾಹನ ನಿಲ್ಲಿಸಿ, ಅದರ ಕೆಳಗೆ ಊರುಗಳಿದ್ದವೆಂದು ಮಕ್ಕಳಿಗೆ ತಿಳಿಸಿರಿ. ನಿಮ್ಮ ನೆರೆಯಲ್ಲಿ ಮುಳುಗಡೆಯ ಹಿರಿಯರೊಬ್ಬರಿದ್ದರೆ ಅವರ ಜಗುಲಿಯ ಮೇಲೆ ಅರ್ಧಗಂಟೆ ಕುಳಿತು, ಅವರ ಹಳೆಯ ಊರಿನ ಹೆಸರನ್ನು ಕೇಳಿರಿ. ಅಂದು ಸಂಜೆ ಮನೆಯಲ್ಲಿ ದೀಪ ಬೆಳಗಿಸಿ ಪ್ರಾರ್ಥನೆಗೆ ಕುಳಿತಾಗ ಆ ಹೆಸರನ್ನೂ ಸ್ಮರಿಸಿರಿ.