ಆರಿದ ಬೆಂಕಿ ಎಲ್ಲಿಗೆ ಹೋಗುತ್ತದೆ?

ಆರಿದ ಬೆಂಕಿ ಎಲ್ಲಿಗೆ ಹೋಗುತ್ತದೆ? ಚಂದ್ರನಲ್ಲಿ ಕಾಣುವ ಕಲೆಗಳೇನು? ಸಮುದ್ರದ ನೀರು ಉಪ್ಪಾಗಿರುವುದೇಕೆ? ಗಂಡನಾದವನು ಹೆಂಡತಿಯನ್ನು ಹೊಡೆಯುವುದು ನ್ಯಾಯವೆ? ಹೆಂಗಸರು ವಿದ್ಯಾವಂತರಾಗುವುದು ಉಚಿತವೆ?

ಇವು ನಮ್ಮ ಊರಿನ ಅರಳಿಕಟ್ಟೆಯ ಮೇಲೆ ಎದ್ದ ಪ್ರಶ್ನೆಗಳಲ್ಲ. ಮುನ್ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಲಂಡನ್ ನಗರದ ಜನ, ತಮ್ಮ ಹೆಸರನ್ನು ಮರೆಮಾಡಿ, ಒಂದು ಕಾಫಿ ಅಂಗಡಿಯ ವಿಳಾಸಕ್ಕೆ ಬರೆದು ಕಳುಹಿಸಿದ ಪ್ರಶ್ನೆಗಳು. ಚರಿತ್ರೆಯೆಂದೊಡನೆ ನಮಗೆ ರಾಜರೂ ಯುದ್ಧಗಳೂ ನೆನಪಾಗುವುದು ಸಹಜ. ಆದರೆ ಅದೇ ಕಾಲದಲ್ಲಿ ಸಾಮಾನ್ಯರು ಬಿಡುವಿನ ವೇಳೆಯಲ್ಲಿ ಏನನ್ನು ಕುರಿತು ಬೆರಗಾಗುತ್ತಿದ್ದರು, ಏನನ್ನು ಕುರಿತು ಒಳಗೊಳಗೇ ಕೊರಗುತ್ತಿದ್ದರು ಎಂಬುದೂ ಚರಿತ್ರೆಯೇ. ನಾವು ಅದನ್ನು ಹರಟೆಯೆಂದು ಕರೆದು ಪಕ್ಕಕ್ಕೆ ಸರಿಸುತ್ತೇವೆ. ಆ ಹರಟೆಯ ಪರವಾಗಿ ಇಂದು ನಾಲ್ಕು ಮಾತು.

ಲಂಡನ್ನಿನಲ್ಲಿ ಮೊದಲ ಕಾಫಿ ಅಂಗಡಿ ತೆರೆದದ್ದು 1652ರಲ್ಲಿ, ಪಾಸ್ಕ್ವಾ ರೋಸೆ ಎಂಬಾತನಿಂದ. ಒಂದು ಪೆನ್ನಿ ಕೊಟ್ಟವನು ಅಲ್ಲಿ ಕುಳಿತು ಕಾಫಿ ಕುಡಿಯಬಹುದಾಗಿತ್ತು, ಪತ್ರಿಕೆ ಓದಬಹುದಾಗಿತ್ತು, ಗುರುತಿಲ್ಲದವನೊಡನೆ ವಾದಕ್ಕೂ ಇಳಿಯಬಹುದಾಗಿತ್ತು. ಈ ಮಾತುಗಾರಿಕೆಗೆ ಅರಮನೆಯೇ ಅಂಜಿತು. 1675ರ ಡಿಸೆಂಬರಿನಲ್ಲಿ ಎರಡನೆಯ ಚಾರ್ಲ್ಸ್ ದೊರೆ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ. ಜನರ ವಿರೋಧ ಎಷ್ಟಿತ್ತೆಂದರೆ, ಆಜ್ಞೆ ಜಾರಿಗೆ ಬರುವ ಮೊದಲೇ, 1676ರ ಜನವರಿಯಲ್ಲಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಿಷ್ಪ್ರಯೋಜಕವಾದ ಹರಟೆಗೆ ಯಾವ ಅರಸನೂ ಹೆದರುವುದಿಲ್ಲವಷ್ಟೆ.

ಈ ಹಿನ್ನೆಲೆಯಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿಗೆ ಒಂದು ಹೊಸ ಯೋಚನೆ ಹೊಳೆಯಿತು. ಗೆಳೆಯರೊಡನೆ ತಿರುಗಾಡುತ್ತಿದ್ದಾಗ ಅದು ಥಟ್ಟನೆ ಬಂದಿತೆಂದು, 1705ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಓದುಗರು ಪ್ರಶ್ನೆ ಕೇಳಬೇಕು, ಪತ್ರಿಕೆ ಉತ್ತರ ಹೇಳಬೇಕು; ಕೇಳಿದವರ ಹೆಸರು ಮಾತ್ರ ಬಯಲಾಗಬಾರದು. 1691ರ ಮಾರ್ಚ್ ತಿಂಗಳಲ್ಲಿ ಆ ಪತ್ರಿಕೆ ಹೊರಬಿತ್ತು. ‘ಅಥೇನಿಯನ್ ಮರ್ಕ್ಯುರಿ’ ಎಂಬುದು ಅದಕ್ಕೆ ನಿಂತ ಹೆಸರು. ಸದಾ ಹೊಸ ಸಂಗತಿಯನ್ನು ಕೇಳುವುದರಲ್ಲಿ, ಹೇಳುವುದರಲ್ಲಿ ಕಾಲ ಕಳೆಯುವವರು ಎಂದು ಅಥೆನ್ಸಿನ ಜನರ ವಿಷಯವಾಗಿ ಬೈಬಲ್ಲಿನಲ್ಲಿ ಒಂದು ಮಾತಿದೆ; ಹೆಸರಿನ ಮೂಲ ಅದು. ಎರಡೂ ಬದಿಯಲ್ಲಿ ಮುದ್ರಿಸಿದ ಒಂದೇ ಹಾಳೆ. ಬೆಲೆ ಒಂದು ಪೆನ್ನಿ. ಪ್ರಶ್ನೆಗಳನ್ನು ಅಂಚೆಯ ಮೂಲಕ ಸ್ಮಿತ್ ಎಂಬುವನ ಕಾಫಿ ಅಂಗಡಿಗೆ ಕಳುಹಿಸಿದರೆ ಸಾಕು.

ಉತ್ತರ ಹೇಳುವವರು ದೊಡ್ಡದೊಂದು ವಿದ್ವನ್ಮಂಡಲಿಯವರೆಂದು ಓದುಗರು ನಂಬಿದ್ದರು. ನಿಜ ಸಂಗತಿಯೇ ಬೇರೆ. ಡಂಟನ್, ಗಣಿತಜ್ಞ ರಿಚರ್ಡ್ ಸಾಲ್ಟ್, ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ, ಮತ್ತು ಆಗಾಗ ನೆರವಾಗುತ್ತಿದ್ದ ತತ್ತ್ವಶಾಸ್ತ್ರಜ್ಞ ಜಾನ್ ನಾರಿಸ್: ಇಷ್ಟೇ ಮಂದಿಯ ಮಂಡಲಿ ಅದು. ಇಲ್ಲದ ಮಂಡಲಿಯನ್ನು ಇದೆಯೆಂದು ತೋರಿಸಿದ್ದು ವ್ಯಾಪಾರಿಯ ಚಾತುರ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತರುಣ ಜೊನಾಥನ್ ಸ್ವಿಫ್ಟನಂಥವನೂ ಆ ಮಂಡಲಿಯನ್ನು ನಿಜವೆಂದು ತಿಳಿದು ಅದರ ಮೇಲೊಂದು ಪ್ರಗಾಥ ಬರೆದ. 1692ರಲ್ಲಿ ಬೆಳಕು ಕಂಡ ಆ ಪದ್ಯವೇ ಅವನ ಮೊದಲ ಪ್ರಕಟಿತ ಕವಿತೆ! ಅಣಕಿಸುವವರೂ ಇಲ್ಲದಿರಲಿಲ್ಲ. ಟಾಮ್ ಬ್ರೌನ್ ಎಂಬ ವಿಡಂಬನಕಾರ ಅದೇ ವರ್ಷ ಪ್ರತಿಸ್ಪರ್ಧಿ ಪತ್ರಿಕೆಯನ್ನೇ ಹೂಡಿದ. ಎಲ್ಕಾನಾ ಸೆಟ್ಲ್ 1693ರಲ್ಲಿ ಒಂದು ಪ್ರಹಸನವನ್ನು ಬರೆದ.

ಆದರೂ ಪ್ರಶ್ನೆಗಳು ನಿಲ್ಲಲಿಲ್ಲ. 1697ರವರೆಗೆ, ನಡುವೆ ಕೆಲಕಾಲ ನಿಂತರೂ, ಸಾವಿರಾರು ಪ್ರಶ್ನೆಗಳಿಗೆ ಉತ್ತರಗಳು ಅಚ್ಚಾದವು. ನ್ಯೂಟನ್ನನ ‘ಪ್ರಿನ್ಸಿಪಿಯಾ’ 1687ರಲ್ಲಿಯೇ ಹೊರಬಂದಿತ್ತಾದರೂ ಅದು ಲ್ಯಾಟಿನ್ನಿನಲ್ಲಿತ್ತು. ಅಂಗಡಿಯ ಗುಮಾಸ್ತನಿಗೆ ನಿಲುಕುವ ಗ್ರಂಥವಲ್ಲ. ಪೆನ್ನಿಯ ಹಾಳೆ ಅವನದೇ ಭಾಷೆಯಲ್ಲಿ ಅವನೊಡನೆ ಮಾತನಾಡಿತು. ಹೆಂಗಸರೂ ಪ್ರಶ್ನೆ ಕಳುಹಿಸಬಹುದೆಂದು ಪತ್ರಿಕೆ ಬಹಿರಂಗವಾಗಿ ಸಾರಿತು. ಅವರಿಗಾಗಿ ತಿಂಗಳಿಗೊಂದು ದಿನವನ್ನೇ ಮೀಸಲಿಟ್ಟಿತು. 1693ರಲ್ಲಿ ‘ಲೇಡೀಸ್ ಮರ್ಕ್ಯುರಿ’ ಎಂಬ ಬೇರೊಂದು ಪತ್ರಿಕೆಯೂ ಹುಟ್ಟಿ ನಾಲ್ಕು ಸಂಚಿಕೆಗಳ ಬಳಿಕ ನಿಂತಿತು. ಕೊಟ್ಟ ಮಾತಿನ ಬಂಧನ, ಒಲ್ಲದ ಮದುವೆ, ತೊರೆದುಹೋದ ಗಂಡ: ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಎಷ್ಟೋ ಸಂಕಟಗಳು ಕುತೂಹಲದ ವೇಷ ತೊಟ್ಟು ಆ ಕಾಫಿ ಅಂಗಡಿಯನ್ನು ತಲುಪಿದವು. ಹೆಸರಿಲ್ಲದಿದ್ದುದರಿಂದಲೇ ಆ ದನಿಗಳಿಗೆ ಧೈರ್ಯ ಬಂದಿತು.

ನಮ್ಮಲ್ಲಿಯೂ ಲೋಕದ ಸಣ್ಣಪುಟ್ಟ ಸಂಗತಿಗಳ ವಿಷಯದಲ್ಲಿ ಅನಾದರವಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆಯುಂಟು, ಅಡಿಗೆಯುಂಟು, ಸುಗಂಧದ್ರವ್ಯಗಳುಂಟು, ಶಕುನಗಳುಂಟು. ಆದರೆ ಅಲ್ಲಿ ಇರುವುದು ಉತ್ತರ ಮಾತ್ರ. ಕೇಳಿದವನ ದನಿ ನಮಗೆ ಕೇಳಿಸದು. ಆ ದನಿ ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಪತ್ರಿಕೆಗಳ ಕಾಲದಲ್ಲಿ. ‘ಸುಧಾ’ ವಾರಪತ್ರಿಕೆಯಲ್ಲಿ ಬೀಚಿಯವರು ಓದುಗರ ಪ್ರಶ್ನೆಗಳಿಗೆ ನಗೆಯ ಉತ್ತರ ಕೊಟ್ಟರು. ಶಿವರಾಮ ಕಾರಂತರು ‘ತರಂಗ’ದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಅಜ್ಜನಾಗಿ ಉತ್ತರಿಸಿದರು. ಜ್ಞಾನಪೀಠದ ಗೌರವ ಪಡೆದ ಹಿರಿಯರು ಹುಡುಗರ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡರೆಂಬುದನ್ನು ನಾವು ಮರೆಯಬಾರದು.

ನಾನು ಮರೆತಿದ್ದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಅಧ್ಯಾಪಕನಾದ ಹೊಸತರಲ್ಲಿ ಒಂದು ದಿನ ‘ವಿಕ್ರಮಾರ್ಜುನ ವಿಜಯ’ದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಪಂಪ ಅವನ ತಾಯಿಯ ಹತ್ತಿರ ಊಟ ಕೇಳುವಾಗಲೂ ಹೀಗೆಯೇ ಮಾತನಾಡುತ್ತಿದ್ದನೆ?” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ; ನಕ್ಕದ್ದು ಸಾಲದೆಂಬಂತೆ, “ಹೋಗಿ ಅವನ ತಾಯಿಯನ್ನೇ ಕೇಳಪ್ಪ” ಎಂದೆ. ಹುಡುಗ ಕುಳಿತುಕೊಂಡ. ಆ ವರ್ಷ ಅವನು ಮತ್ತೊಮ್ಮೆ ಎದ್ದು ನಿಲ್ಲಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಗ್ರಂಥಸ್ಥ ಭಾಷೆಗೂ ಆಡುಮಾತಿಗೂ ಇರುವ ಅಂತರವನ್ನು ಕುರಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ನನಗೆ ಹೊಳೆಯಿತು: ಭಾಷೆಯ ಚರಿತ್ರೆಯ ಮುಖ್ಯವಾದೊಂದು ಪ್ರಶ್ನೆಯನ್ನೇ ಆ ಹುಡುಗ ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆನ್ನುವ ಪ್ರಾಮಾಣಿಕತೆಯೂ ಇರಲಿಲ್ಲ. ಆ ಬಡತನವನ್ನು ನಗೆಯಿಂದ ಮುಚ್ಚಿಕೊಂಡಿದ್ದೆ.

ಆರಿದ ಬೆಂಕಿ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯೂ ಮೇಲುನೋಟಕ್ಕೆ ಅಂಥದೇ. ಬೆಂಕಿ ಒಂದು ವಸ್ತುವಲ್ಲ, ಉರಿಯುವ ಪದಾರ್ಥ ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡುವ ಕ್ರಿಯೆ ಎಂಬುದನ್ನು ಫ್ರಾನ್ಸಿನ ಲವಾಸಿಯೆ ಸ್ಥಾಪಿಸುವ ಹೊತ್ತಿಗೆ 1770ರ ದಶಕ ಬಂದಿತ್ತು. ಕಾಫಿ ಅಂಗಡಿಗೆ ಬಂದ ಆ ಒಂದು ಚೀಟಿಗೆ ಸರಿಯಾದ ಉತ್ತರ ದೊರೆಯಲು ಸುಮಾರು ಎಂಬತ್ತು ವರ್ಷ ಹಿಡಿಯಿತು. ಡಂಟನ್ನನ ಮಂಡಲಿ ಹೇಳಿದ ಉತ್ತರಗಳಲ್ಲಿ ಎಷ್ಟೋ ಇಂದು ನಿಲ್ಲಲಾರವು. ಪ್ರಶ್ನೆಗಳು ಮಾತ್ರ ಇನ್ನೂ ಹಸನಾಗಿವೆ.

ಇಂದು ಅಂಗೈಯಗಲದ ಫೋನಿನಲ್ಲಿ ಕೇಳಿದ ಕ್ಷಣದಲ್ಲಿಯೇ ಉತ್ತರ ದೊರೆಯುತ್ತದೆ. ಅದು ಸಂತೋಷವೇ. ಫೋನು ನಗುವುದಿಲ್ಲವೆಂಬುದೂ ಒಂದು ಗುಣವೇ ಇರಬಹುದು. ಆದರೆ ಎದುರಿಗೆ ಎದ್ದು ನಿಂತ ಮಗುವಿಗೆ ಬೇಕಾದದ್ದು ಉತ್ತರವೊಂದೇ ಅಲ್ಲ. ತನ್ನ ಪ್ರಶ್ನೆಗೆ ಒಂದು ಮರ್ಯಾದೆ. ಮನೆಯಲ್ಲಿ ಮೊಮ್ಮಗಳು ಏನಾದರೂ ಕೇಳಿದಾಗ ನಾನೀಗ ಕನ್ನಡಕವನ್ನು ತೆಗೆದಿಟ್ಟು, “ಗೊತ್ತಿಲ್ಲ ಕಣಮ್ಮ, ಇಬ್ಬರೂ ಕೂಡಿ ನೋಡೋಣ” ಎನ್ನುತ್ತೇನೆ. ಹಿಂದಿನ ಬೆಂಚಿನ ಆ ಹುಡುಗನಿಗೆ ಸಲ್ಲಬೇಕಾಗಿದ್ದ ಮಾತು ಅದು. ಅವನು ಈಗ ಎಲ್ಲಿದ್ದಾನೋ. ಈ ಭಾಷಣ ಅವನ ಕಿವಿಗೆ ಬಿದ್ದರೆ, ತಡವಾಗಿಯಾದರೂ ಅದು ಸಂದಿತೆಂದು ತಿಳಿಯುತ್ತೇನೆ.